ತೆಳು ಗೇಮಿಂಗ್ ಲ್ಯಾಪ್‌ಟಾಪನ್ನು ದಿನಬಳಕೆಗೆ ಒಗ್ಗಿಸುವ ಕ್ರಮ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ತೆಳು ಮೈಯ ಗೇಮಿಂಗ್ ಲ್ಯಾಪ್‌ಟಾಪ್ ಕೊಂಡು ಅದನ್ನೇ ಕಾಲೇಜಿಗೂ ಕಚೇರಿಗೂ ಒಯ್ಯುವ ಓದುಗರಿಂದ ಮತ್ತೆ ಮತ್ತೆ ಬರುವ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಬ್ಯಾಟರಿ ಎರಡು ಮೂರು ಗಂಟೆಗೇ ಮುಗಿಯುತ್ತದೆ, ಬ್ರೌಸರ್ ಬಿಟ್ಟು ಬೇರೇನೂ ತೆರೆಯದಿದ್ದರೂ ಫ್ಯಾನ್ ಮೊರೆಯುತ್ತದೆ, ಮುಚ್ಚಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪ್ ಮನೆ ತಲುಪುವಷ್ಟರಲ್ಲಿ ಕೈ ಸುಡುವಷ್ಟು ಕಾದಿರುತ್ತದೆ. ಇವರಲ್ಲಿ ಬಹುತೇಕರು ಸಲಹೆಗಳನ್ನು ಪಾಲಿಸದವರಲ್ಲ. ಪರದೆಯ ಬೆಳಕು ತಗ್ಗಿಸಿದ್ದಾರೆ, ಬ್ಯಾಟರಿ ಸೇವರ್ ಹಾಕಿದ್ದಾರೆ, ಕೂಲಿಂಗ್ ಪ್ಯಾಡ್ ಕೂಡ ಕೊಂಡಿದ್ದಾರೆ, ಆದರೂ ಗುಣ ಕಂಡಿಲ್ಲ.

ತಪ್ಪಿರುವುದು ಕ್ರಮ. ಈ ಯಂತ್ರಗಳಲ್ಲಿ ಎರಡು ಗ್ರಾಫಿಕ್ಸ್ ಇರುತ್ತವೆ: ಪ್ರೊಸೆಸರ್‌ನೊಳಗೇ ಅಡಕವಾಗಿರುವ, ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಗ್ರಾಫಿಕ್ಸ್ ಒಂದು; ಆಟಗಳಿಗೆಂದೇ ಪ್ರತ್ಯೇಕವಾಗಿ ಕೂರಿಸಿರುವ ಗ್ರಾಫಿಕ್ಸ್ ಕಾರ್ಡ್ ಇನ್ನೊಂದು. ಆಟವಿಲ್ಲದ ಹೊತ್ತಿನಲ್ಲಿ ಎರಡನೆಯದು ಪೂರ್ತಿ ನಿದ್ದೆಗೆ ಹೋಗಬೇಕು. ಅದು ಎಚ್ಚರವಾಗಿರುವವರೆಗೆ ಬೇರೆ ಎಲ್ಲಿ ಎಷ್ಟು ಉಳಿಸಿದರೂ ಅದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಬೇಕು. ನಡುವಿನದೊಂದನ್ನು ಆರಿಸಿಕೊಂಡು ಮಾಡಿದರೆ ಫಲ ಸಿಗುವುದು ಕಷ್ಟ. ಮೆನುಗಳ ಹೆಸರನ್ನು ವಿಂಡೋಸ್ 11ನ್ನು ಇಟ್ಟುಕೊಂಡು ಹೇಳಲಾಗಿದೆ.

## ಸಿದ್ಧಪಡಿಸಿಕೊಳ್ಳಬೇಕಾದವು

ಲ್ಯಾಪ್‌ಟಾಪ್ ಜೊತೆಗೆ ಬಂದ ಅಡಾಪ್ಟರ್, ತಯಾರಕರೇ ಕೊಟ್ಟಿರುವ ನಿಯಂತ್ರಣ ತಂತ್ರಾಂಶ (ಆಸುಸ್‌ನಲ್ಲಿ ಆರ್ಮರಿ ಕ್ರೇಟ್, ಲೆನೊವೊದಲ್ಲಿ ವ್ಯಾಂಟೇಜ್, ಎಂಎಸ್‌ಐನಲ್ಲಿ ಎಂಎಸ್‌ಐ ಸೆಂಟರ್, ಎಚ್‌ಪಿಯಲ್ಲಿ ಓಮೆನ್ ಗೇಮಿಂಗ್ ಹಬ್), ಅಳತೆಗಾಗಿ ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ, ಮೆತ್ತನೆಯ ಒಣ ಬ್ರಷ್, ಕ್ಯಾಮೆರಾ ಒರೆಸುವವರು ಬಳಸುವ ರಬ್ಬರ್ ಬ್ಲೋವರ್, ಹಾಗೂ ಬರೆದಿಡಲು ಒಂದು ಹಾಳೆ ಇದ್ದರೆ ಸಾಕು. ಕೂಲಿಂಗ್ ಪ್ಯಾಡನ್ನು ಈಗಲೇ ಕೊಳ್ಳಬೇಡಿ. ಏಳನೆಯ ಹಂತ ಮುಗಿದ ಮೇಲೂ ಬೇಕೆನಿಸಿದರೆ ಕೊಳ್ಳಬಹುದು, ಹೆಚ್ಚಿನವರಿಗೆ ಬೇಕಾಗುವುದಿಲ್ಲ.

ಅಪ್‌ಡೇಟ್‌ಗಳನ್ನು ಎಲ್ಲಕ್ಕಿಂತ ಮೊದಲೇ ಮುಗಿಸಿಬಿಡಿ. ವಿಂಡೋಸ್, ಬಯಾಸ್ (ಯಂತ್ರವನ್ನು ಹೊತ್ತಿಸುವ ಮೂಲ ತಂತ್ರಾಂಶ), ಗ್ರಾಫಿಕ್ಸ್ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಮೂರೂ ಹೊಸದಾದ ಮೇಲೆ ಕೆಲವು ಸೆಟ್ಟಿಂಗ್‌ಗಳು ತಮ್ಮ ಮೂಲ ಸ್ಥಿತಿಗೆ ಮರಳುವುದುಂಟು, ಆಗ ನೀವು ಮೊದಲು ಮಾಡಿದ ಕೆಲಸವೆಲ್ಲ ವ್ಯರ್ಥವಾಗುತ್ತದೆ. ಬಯಾಸ್ ಅಪ್‌ಡೇಟ್ ಮಾಡುವ ಮುನ್ನ ಎರಡು ಎಚ್ಚರ ಬೇಕು: ಅಡಾಪ್ಟರ್ ಸಿಕ್ಕಿಸಿರಬೇಕು ಮತ್ತು ಬ್ಯಾಟರಿಯಲ್ಲೂ ಸಾಕಷ್ಟು ಚಾರ್ಜ್ ಇರಬೇಕು, ಜೊತೆಗೆ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ರಿಕವರಿ ಕೀಯನ್ನು ಬರೆದಿಟ್ಟುಕೊಂಡಿರಬೇಕು. ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವ ಯಂತ್ರ ಬಯಾಸ್ ಬದಲಾದ ಮೇಲೆ 48 ಅಂಕಿಗಳ ಆ ಕೀ ಕೇಳಿ ನಿಂತುಬಿಡಬಹುದು, ಆ ಹೊತ್ತಿನಲ್ಲಿ ಕೀ ಕೈಯಲ್ಲಿಲ್ಲದಿದ್ದರೆ ಒಳಗಿನ ಕಡತಗಳನ್ನು ತೆರೆಯುವ ದಾರಿ ಇರುವುದಿಲ್ಲ.

## ಹಂತ 1: ಈಗಿನ ಸ್ಥಿತಿಯನ್ನು ಅಳೆದು ಬರೆದಿಡಿ

ಹೊಸ ಲ್ಯಾಪ್‌ಟಾಪ್ ಆಗಿದ್ದರೆ ಮೊದಲ ದಿನ ಅಳೆಯಬೇಡಿ. ಹಿನ್ನೆಲೆಯಲ್ಲಿ ಕಡತಗಳ ಸೂಚಿ ತಯಾರಿಸುವುದು, ಅಪ್‌ಡೇಟ್ ಇಳಿಸುವುದು ಮುಂತಾದವು ನಡೆಯುತ್ತಲೇ ಇರುವುದರಿಂದ ಅಳತೆ ಸರಿ ಬರುವುದಿಲ್ಲ. ಅವೆಲ್ಲ ಅಡಗಿದ ಮೇಲೆ ಅಡಾಪ್ಟರ್ ಕಿತ್ತು, ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ, ಬ್ರೌಸರ್‌ನಲ್ಲಿ ಒಂದೆರಡು ಟ್ಯಾಬ್ ಮಾತ್ರ ತೆರೆದು ಐದು ನಿಮಿಷ ಸುಮ್ಮನೆ ಬಿಡಿ. ಬಳಿಕ ಎಚ್‌ಡಬ್ಲ್ಯುಇನ್ಫೋದ ಸೆನ್ಸರ್ ಪಟ್ಟಿಯಲ್ಲಿ ಬ್ಯಾಟರಿ ವಿಭಾಗಕ್ಕೆ ಇಳಿದು ಚಾರ್ಜ್ ರೇಟ್ ಎಂಬ ಸಾಲನ್ನು ನೋಡಿ. ಋಣ ಚಿಹ್ನೆಯೊಂದಿಗೆ ಕಾಣುವ ಆ ವ್ಯಾಟ್ ಸಂಖ್ಯೆಯೇ ನಿಮ್ಮ ಯಂತ್ರ ಈ ಕ್ಷಣ ಬ್ಯಾಟರಿಯಿಂದ ಎಳೆಯುತ್ತಿರುವ ವಿದ್ಯುತ್ತು.

ಈ ಸಂಖ್ಯೆಯೇ ಮುಂದಿನ ಎಲ್ಲ ಹಂತಗಳಿಗೂ ಅಳತೆಗೋಲು. ಬ್ಯಾಟರಿ 76 ವ್ಯಾಟ್-ಅವರ್‌ನದು ಎಂದುಕೊಂಡರೆ, 10 ವ್ಯಾಟ್ ಎಳೆಯುವ ಯಂತ್ರ ಏಳೂವರೆ ಗಂಟೆ ನಡೆಯುತ್ತದೆ, 25 ವ್ಯಾಟ್ ಎಳೆಯುವುದು ಮೂರೇ ಗಂಟೆಗೆ ಕೈಕೊಡುತ್ತದೆ. ಹಗುರ ಕೆಲಸದಲ್ಲಿ 8ರಿಂದ 14 ವ್ಯಾಟ್‌ನೊಳಗೆ ಇದ್ದರೆ ಯಂತ್ರ ಹದವಾಗಿದೆ ಎಂದುಕೊಳ್ಳಬಹುದು. ಇಂಟೆಲ್‌ನ ಎಚ್‌ಎಕ್ಸ್ ಎಂಬ ಹೆಚ್ಚು ಶಕ್ತಿಯ ಸರಣಿಯ ಪ್ರೊಸೆಸರ್ ಇದ್ದರೆ ಇನ್ನಷ್ಟು ಹೆಚ್ಚಿರುವುದು ಸಹಜ. ಏನೂ ಮಾಡದಿದ್ದಾಗಲೂ 20 ವ್ಯಾಟ್ ದಾಟುತ್ತಿದ್ದರೆ ಬಹುಮಟ್ಟಿಗೆ ಗ್ರಾಫಿಕ್ಸ್ ಕಾರ್ಡ್ ಎಚ್ಚರವಾಗಿದೆ ಎಂದೇ ಅರ್ಥ.

ಇದರ ಜೊತೆಗೆ ಬ್ಯಾಟರಿಯ ಆರೋಗ್ಯವನ್ನೂ ದಾಖಲಿಸಿ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ಪವರ್ ಎಂದು ಬರೆದು ಅದಕ್ಕೆ ಅಂಟಿದಂತೆ ಸಿ, ಎಫ್, ಜಿ ಸೇರಿಸಿ, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಬ್ಯಾಟರಿ ರಿಪೋರ್ಟ್ ಎಂಬ ಎರಡು ಪದಗಳನ್ನು ಜಾಗವಿಲ್ಲದೆ ಕೂಡಿಸಿ ಬರೆದು (powercfg /batteryreport) ಎಂಟರ್ ಒತ್ತಿದರೆ ಒಂದು ವರದಿ ಸಿದ್ಧವಾಗುತ್ತದೆ. ಅದು ಎಲ್ಲಿ ಉಳಿಯಿತೆಂಬುದನ್ನೂ ಪರದೆಯೇ ತೋರಿಸುತ್ತದೆ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ ಮತ್ತು ಫುಲ್ ಚಾರ್ಜ್ ಕೆಪ್ಯಾಸಿಟಿ ಎಂಬ ಎರಡು ಸಂಖ್ಯೆಗಳನ್ನು ಹೋಲಿಸಿ. ಎರಡನೆಯದು ಮೊದಲನೆಯದರ ಮುಕ್ಕಾಲಿಗಿಂತ ಕೆಳಗಿಳಿದಿದ್ದರೆ ಬ್ಯಾಟರಿಯೇ ಸವೆದಿದೆ, ಸೆಟ್ಟಿಂಗ್‌ಗಳಿಂದ ಅದನ್ನು ಮರಳಿ ಪಡೆಯಲಾಗದು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ದುಡ್ಡು ಕೊಡುವ ಮುನ್ನವೇ ಈ ವರದಿ ಕೇಳಬೇಕು.

## ಹಂತ 2: ಗ್ರಾಫಿಕ್ಸ್ ಕಾರ್ಡನ್ನು ನಿದ್ದೆಗೆ ಕಳಿಸಿ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ತಾಳ್ಮೆ ಬೇಡುವ ಹಂತ ಇದು. ಇದನ್ನು ಅರ್ಧಕ್ಕೆ ಬಿಟ್ಟು ಮುಂದೆ ಹೋಗಬೇಡಿ.

ಮೊದಲು ತಯಾರಕರ ತಂತ್ರಾಂಶದಲ್ಲಿ ಗ್ರಾಫಿಕ್ಸ್ ಮೋಡ್ ಯಾವುದಿದೆ ಎಂದು ನೋಡಿ. ಆಸುಸ್‌ನಲ್ಲಿ ಎಕೋ, ಸ್ಟ್ಯಾಂಡರ್ಡ್, ಆಪ್ಟಿಮೈಸ್ಡ್, ಅಲ್ಟಿಮೇಟ್ ಎಂಬ ಆಯ್ಕೆಗಳಿರುತ್ತವೆ. ಲೆನೊವೊದ ಲೀಜನ್ ಯಂತ್ರಗಳಲ್ಲಿ ಹೈಬ್ರಿಡ್ ಮತ್ತು ಅದರ ಉಪಭೇದಗಳಿರುತ್ತವೆ. ಅಲ್ಟಿಮೇಟ್ ಅಥವಾ ಡಿಜಿಪಿಯು (ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್) ಎಂಬ ಹೆಸರಿನ ಮೋಡ್‌ನಲ್ಲಿ ಲ್ಯಾಪ್‌ಟಾಪಿನ ಪರದೆಯೇ ನೇರವಾಗಿ ಗ್ರಾಫಿಕ್ಸ್ ಕಾರ್ಡಿಗೆ ಜೋಡಣೆಯಾಗುವುದರಿಂದ, ಪರದೆ ಬೆಳಗುತ್ತಿರುವಷ್ಟು ಹೊತ್ತೂ ಕಾರ್ಡ್ ಮಲಗುವಂತೆಯೇ ಇಲ್ಲ. ಒಂದು ಸಂಜೆ ಆಟಕ್ಕಾಗಿ ಈ ಮೋಡ್ ಹಾಕಿ, ರೀಸ್ಟಾರ್ಟ್ ಮಾಡಿ, ಆಡಿ ಮುಗಿಸಿ, ಹಿಂದಿರುಗಿಸುವುದನ್ನು ಮರೆತವರ ಬ್ಯಾಟರಿ ಮರುದಿನ ತರಗತಿಯಲ್ಲಿ ಎರಡನೆಯ ಪೀರಿಯಡ್ಡಿಗೇ ಖಾಲಿಯಾಗುತ್ತದೆ. ದಿನಬಳಕೆಗೆ ಆಪ್ಟಿಮೈಸ್ಡ್ ಅಥವಾ ಹೈಬ್ರಿಡ್ ಆಟೊ ಸರಿಯಾದ ಆಯ್ಕೆ: ಬ್ಯಾಟರಿಯ ಮೇಲೆ ಇದ್ದಾಗ ಕಾರ್ಡ್ ಸಂಪೂರ್ಣ ಕಡಿತಗೊಳ್ಳುತ್ತದೆ, ಅಡಾಪ್ಟರ್ ಸಿಕ್ಕಿಸಿದಾಗ ಮರಳಿ ಬರುತ್ತದೆ.

ಎರಡನೆಯದಾಗಿ, ಕಾರ್ಡನ್ನು ಯಾರು ಎಬ್ಬಿಸುತ್ತಿದ್ದಾರೆ ಎಂದು ಪತ್ತೆಹಚ್ಚಿ. ಕಾರ್ಡ್ ಎನ್‌ವಿಡಿಯಾ ಕಂಪನಿಯದಾದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಮೇಲಿನ ಡೆಸ್ಕ್‌ಟಾಪ್ ಮೆನುವಿನಲ್ಲಿ ಜಿಪಿಯು ಆಕ್ಟಿವಿಟಿ ಐಕಾನ್ ತೋರಿಸುವ ಆಯ್ಕೆಗೆ ಗುರುತು ಹಾಕಿದರೆ, ಗಡಿಯಾರದ ಪಕ್ಕ ಒಂದು ಪುಟ್ಟ ಚಿಹ್ನೆ ಬಂದು ಕೂರುತ್ತದೆ. ಕಾರ್ಡ್ ಕೆಲಸದಲ್ಲಿದ್ದಾಗ ಅದಕ್ಕೆ ಬಣ್ಣ ಬರುತ್ತದೆ, ಒತ್ತಿದರೆ ಯಾವ ತಂತ್ರಾಂಶ ಬಳಸುತ್ತಿದೆ ಎಂಬ ಪಟ್ಟಿ ತೆರೆಯುತ್ತದೆ. ಸಾಮಾನ್ಯವಾಗಿ ಸಿಕ್ಕಿಬೀಳುವವು ಬ್ರೌಸರ್, ಮೀಟಿಂಗ್ ತಂತ್ರಾಂಶ, ಚಲಿಸುವ ವಾಲ್‌ಪೇಪರ್, ಕೀಬೋರ್ಡ್ ದೀಪಗಳ ನಿಯಂತ್ರಕ, ಮತ್ತು ಆಟದ ಅಂಗಡಿಗಳಾದ ಸ್ಟೀಮ್, ಎಪಿಕ್‌ನಂಥವು.

ಮೂರನೆಯದಾಗಿ, ಸಿಕ್ಕಿಬಿದ್ದ ಒಂದೊಂದಕ್ಕೂ ಆಜ್ಞೆ ಕೊಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ, ಅದರೊಳಗೆ ಗ್ರಾಫಿಕ್ಸ್ ಎಂಬಲ್ಲಿ ಆ ತಂತ್ರಾಂಶವನ್ನು ಆರಿಸಿ ಪವರ್ ಸೇವಿಂಗ್ ಎಂದು ನಿಗದಿಮಾಡಿ. ಆಟದ ಅಂಗಡಿಗಳು ಯಂತ್ರದ ಜೊತೆಗೇ ಶುರುವಾಗದಂತೆ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ನಿಲ್ಲಿಸಿ. ಬದಲಾವಣೆ ಹತ್ತಬೇಕಾದರೆ ತಂತ್ರಾಂಶವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು, ಕಿಟಕಿ ಮುಚ್ಚಿದರೆ ಸಾಲದು.

ಇಲ್ಲಿ ಎರಡು ತಪ್ಪುಗಳು ಪದೇ ಪದೇ ಕಾಣುತ್ತವೆ. ಒಂದು, ಡಿವೈಸ್ ಮ್ಯಾನೇಜರ್‌ಗೆ ಹೋಗಿ ಗ್ರಾಫಿಕ್ಸ್ ಕಾರ್ಡನ್ನೇ ಡಿಸೇಬಲ್ ಮಾಡುವುದು. ಕಾರ್ಡಿನ ವಿದ್ಯುತ್ತನ್ನು ನಿಲ್ಲಿಸುವ ಕೆಲಸ ಅದರ ಡ್ರೈವರ್‌ನದು. ಡ್ರೈವರನ್ನೇ ಕಿತ್ತಂತಾದರೆ ಕಾರ್ಡ್ ಕೆಲಸವಿಲ್ಲದೆಯೂ ವಿದ್ಯುತ್ ಎಳೆಯುತ್ತಾ ಕೂರಬಹುದು, ಬ್ಯಾಟರಿ ಮೊದಲಿಗಿಂತ ಬೇಗ ಮುಗಿಯಬಹುದು. ಇನ್ನೊಂದು, ಅಳತೆಯ ತಂತ್ರಾಂಶವನ್ನು ದಿನವಿಡೀ ತೆರೆದಿಡುವುದು. ಗ್ರಾಫಿಕ್ಸ್ ಕಾರ್ಡಿನ ಉಷ್ಣತೆ ಕೇಳಲೆಂದು ಅದು ಮತ್ತೆ ಮತ್ತೆ ತಟ್ಟುವುದರಿಂದಲೇ ಮಲಗಿದ ಕಾರ್ಡ್ ಎದ್ದುಬಿಡುತ್ತದೆ. ಸೆನ್ಸರ್ ಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಸಾಲುಗಳನ್ನು ಓದದಂತೆ ನಿಲ್ಲಿಸಿ, ಅಳೆದು ಮುಗಿದೊಡನೆ ತಂತ್ರಾಂಶವನ್ನೂ ಮುಚ್ಚಿ.

ಈಗ ಹಂತ 1ರ ಅಳತೆಯನ್ನು ಅದೇ ಬೆಳಕು, ಅದೇ ಟ್ಯಾಬ್‌ಗಳೊಂದಿಗೆ ಮತ್ತೆ ತೆಗೆಯಿರಿ. ಸಂಖ್ಯೆ ಇಳಿದಿಲ್ಲವಾದರೆ ಮುಂದಿನ ಹಂತಕ್ಕೆ ಹೋಗದೆ ಇಲ್ಲೇ ಹುಡುಕಿ.

## ಹಂತ 3: ಪ್ರೊಸೆಸರ್, ಫ್ಯಾನ್ ಮತ್ತು ಪರದೆ

ಹಗುರ ಕೆಲಸದಲ್ಲೂ ಫ್ಯಾನ್ ಏರಿಳಿಯುವುದಕ್ಕೆ ಮುಖ್ಯ ಕಾರಣ ಪ್ರೊಸೆಸರ್‌ನ ಬೂಸ್ಟ್. ಒಂದು ವೆಬ್ ಪುಟ ತೆರೆದಾಗಲೂ ಪ್ರೊಸೆಸರ್ ಕ್ಷಣಕಾಲ 4 ಗಿಗಾಹರ್ಟ್ಜ್ ದಾಟಿ ಓಡುತ್ತದೆ, ತೆಳು ಮೈಯೊಳಗಿನ ತಾಪ ತಟ್ಟನೆ ಏರುತ್ತದೆ, ಫ್ಯಾನ್ ಎಚ್ಚೆತ್ತುಕೊಳ್ಳುತ್ತದೆ. ತಯಾರಕರ ಸೈಲೆಂಟ್ ಅಥವಾ ಕ್ವಯಟ್ ಮೋಡ್ ಈ ಓಟಕ್ಕೆ ಮಿತಿ ಹಾಕುತ್ತದೆ. ಆಸುಸ್‌ನ ಆರ್‌ಒಜಿ ಯಂತ್ರಗಳಲ್ಲಿ ಎಫ್ಎನ್ ಜೊತೆ ಎಫ್5, ಲೀಜನ್‌ನಲ್ಲಿ ಎಫ್ಎನ್ ಜೊತೆ ಕ್ಯೂ ಒತ್ತಿದರೆ ಮೋಡ್ ಬದಲಾಗುತ್ತದೆ. ಲೀಜನ್‌ನ ಪವರ್ ಬಟನ್ ದೀಪ ನೀಲಿಯಾದರೆ ಕ್ವಯಟ್, ಬಿಳಿಯಾದರೆ ಬ್ಯಾಲೆನ್ಸ್ಡ್, ಕೆಂಪಾದರೆ ಪರ್ಫಾರ್ಮೆನ್ಸ್. ಬರವಣಿಗೆ, ಸ್ಪ್ರೆಡ್‌ಶೀಟ್, ವಿಡಿಯೋ ನೋಡುವುದು, ಸಾಮಾನ್ಯ ಕೋಡಿಂಗ್ ಇವಕ್ಕೆಲ್ಲ ಸೈಲೆಂಟ್ ಮೋಡ್ ಧಾರಾಳ ಸಾಕಾಗುತ್ತದೆ, ಅಡಾಪ್ಟರ್ ಸಿಕ್ಕಿಸಿದ್ದಾಗಲೂ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಅಷ್ಟಕ್ಕೂ ಫ್ಯಾನ್ ಅಡಗದಿದ್ದರೆ ಹಳೆಯ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬುದು ಕಾಣಿಸಿದರೆ ಅದನ್ನು 100ರಿಂದ 99ಕ್ಕೆ ಇಳಿಸಬಹುದು. ಒಂದೇ ಅಂಕಿ ಇಳಿದರೂ ಬಹುತೇಕ ಯಂತ್ರಗಳಲ್ಲಿ ಬೂಸ್ಟ್ ನಿಂತುಹೋಗುತ್ತದೆ. ಇದು ಕೊನೆಯ ಉಪಾಯ. ಇದನ್ನು ಮಾಡಿದ್ದು ನೆನಪಿಲ್ಲದೆ ವಾರದ ಬಳಿಕ ಆಟ ನಿಧಾನವಾಯಿತೆಂದು ಸರ್ವಿಸ್ ಸೆಂಟರ್‌ಗೆ ಹೋಗುವವರಿದ್ದಾರೆ, ಆದ್ದರಿಂದ ಹಾಳೆಯ ಮೇಲೆ ಬರೆದಿಡಿ. ಆಸುಸ್ ಬಳಸುವವರು ಜಿ-ಹೆಲ್ಪರ್ ಎಂಬ ಹಗುರ ತಂತ್ರಾಂಶವನ್ನು ಆರ್ಮರಿ ಕ್ರೇಟ್ ಬದಲಿಗೆ ಬಳಸಬಹುದು, ಆದರೆ ಎರಡೂ ಒಟ್ಟಿಗೆ ನಡೆಯಬಾರದು. ಒಂದು ಹಾಕಿದ ಮಿತಿಯನ್ನು ಇನ್ನೊಂದು ತೆಗೆಯುತ್ತಲೇ ಇರುತ್ತದೆ.

ಪರದೆಯ ವಿಷಯದಲ್ಲಿ, 120, 165 ಅಥವಾ 240 ಹರ್ಟ್ಜ್‌ನ ರಿಫ್ರೆಶ್ ರೇಟನ್ನು (ಸೆಕೆಂಡಿಗೆ ಪರದೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದು) ಬ್ಯಾಟರಿಯ ಮೇಲೆ 60ಕ್ಕೆ ಇಳಿಸಿ. ಅದು ಡಿಸ್‌ಪ್ಲೇ ವಿಭಾಗದ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿದೆ, ಕೆಲವು ತಯಾರಕರ ತಂತ್ರಾಂಶ ತಾನಾಗಿಯೇ ಇಳಿಸುತ್ತದೆ. ಓಲೆಡ್ ಪರದೆ ಇದ್ದರೆ ಟಾಸ್ಕ್‌ಬಾರ್ ತಾನೇ ಮರೆಯಾಗುವಂತೆ ಮಾಡಿ, ಕಪ್ಪು ಹಿನ್ನೆಲೆ ಹಾಕಿ. ದಿನಕ್ಕೆ ಎಂಟು ಗಂಟೆ ಅದೇ ಜಾಗದಲ್ಲಿ ಅದೇ ಚಿಹ್ನೆಗಳು ನಿಂತರೆ ಕಾಲಕ್ರಮೇಣ ಅವುಗಳ ಅಚ್ಚು ಪರದೆಯಲ್ಲೇ ಉಳಿಯುವ ಸಾಧ್ಯತೆ ಇದೆ.

## ಹಂತ 4: ಚಾರ್ಜಿಂಗ್ ಮತ್ತು ಮನೆಯ ವಿದ್ಯುತ್ತು

ಮೇಜಿನ ಮೇಲೆ ಸದಾ ಅಡಾಪ್ಟರ್ ಸಿಕ್ಕಿಸಿ ಬಳಸುವವರ ಬ್ಯಾಟರಿ ಬೇಗ ಸವೆಯಲು ಕಾರಣ, ಅದು ಸದಾ ಶೇ. 100 ತುಂಬಿ, ಜೊತೆಗೆ ಬಿಸಿಯಾಗಿಯೂ ಇರುವುದು. ಲಿಥಿಯಂ ಬ್ಯಾಟರಿಗೆ ತುಂಬಿದ ಸ್ಥಿತಿ ಮತ್ತು ಶಾಖ ಎರಡೂ ಒಟ್ಟಿಗೆ ಸೇರಿದರೆ ಹೆಚ್ಚು ಹಾನಿ. ತಯಾರಕರ ತಂತ್ರಾಂಶದಲ್ಲಿ ಚಾರ್ಜ್ ಮಿತಿಯನ್ನು 80ಕ್ಕೆ ಇಡಿ. ಲೆನೊವೊದಲ್ಲಿ ಇದಕ್ಕೆ ಕನ್ಸರ್ವೇಷನ್ ಮೋಡ್ ಎಂದು ಹೆಸರು, ಎಂಎಸ್‌ಐನಲ್ಲಿ 60 ಮತ್ತು 80ರ ಆಯ್ಕೆಗಳಿವೆ. ದೂರ ಪ್ರಯಾಣದ ಹಿಂದಿನ ರಾತ್ರಿ ಮಾತ್ರ ಮಿತಿ ತೆಗೆದು ಪೂರ್ತಿ ತುಂಬಿಸಿ.

ಹೊರಗೆ ಒಯ್ಯಲು ಭಾರದ ಅಡಾಪ್ಟರ್ ಬೇಡವೆನ್ನುವವರಿಗೆ ಟೈಪ್-ಸಿ ಚಾರ್ಜರ್ ಅನುಕೂಲ. ಕೊಳ್ಳುವ ಮುನ್ನ ಮೂರು ಸಂಗತಿ ಖಚಿತಪಡಿಸಿಕೊಳ್ಳಿ. ನಿಮ್ಮ ಲ್ಯಾಪ್‌ಟಾಪಿನ ಯಾವ ಟೈಪ್-ಸಿ ಪೋರ್ಟ್ ಚಾರ್ಜ್ ಸ್ವೀಕರಿಸುತ್ತದೆ ಎಂಬುದು ಮೊದಲನೆಯದು. ಎರಡು ಪೋರ್ಟ್ ಇದ್ದರೂ ಒಂದಕ್ಕೆ ಮಾತ್ರ ಆ ಸೌಲಭ್ಯವಿರಬಹುದು. ಚಾರ್ಜರ್ ಪವರ್ ಡೆಲಿವರಿ ಮಾದರಿಯ 65 ವ್ಯಾಟ್, ಸಾಧ್ಯವಾದರೆ 100 ವ್ಯಾಟ್‌ನದಾಗಿರಬೇಕು. ಕೇಬಲ್ 5 ಆಂಪಿಯರ್‌ನದೇ ಆಗಿರಬೇಕು, ಏಕೆಂದರೆ ಸಾಮಾನ್ಯ 3 ಆಂಪಿಯರ್ ಕೇಬಲ್‌ನಲ್ಲಿ 100 ವ್ಯಾಟ್‌ನ ಚಾರ್ಜರ್ ಕೂಡ 60 ವ್ಯಾಟ್‌ಗೇ ನಿಲ್ಲುತ್ತದೆ. ಟೈಪ್-ಸಿ ಮೇಲೆ ಆಟ ಆಡಬೇಡಿ. ಯಂತ್ರಕ್ಕೆ ಬೇಕಾದಷ್ಟು ವಿದ್ಯುತ್ತು ಚಾರ್ಜರ್‌ನಿಂದ ಸಿಗದೆ ಕೊರತೆಯನ್ನು ಬ್ಯಾಟರಿ ತುಂಬುತ್ತದೆ, ಸಿಕ್ಕಿಸಿಕೊಂಡೇ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ.

ನಮ್ಮ ಕಡೆಯ ಮನೆ, ಪಿಜಿ, ಹಾಸ್ಟೆಲ್‌ಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ಅಡಾಪ್ಟರ್ ಸಿಕ್ಕಿಸಿ, ಲೋಹದ ಮೈಯ ಲ್ಯಾಪ್‌ಟಾಪಿನ ಮೇಲೆ ಮಣಿಕಟ್ಟು ಊರುವ ಜಾಗದಲ್ಲಿ ಬೆರಳಿನ ಹಿಂಬದಿಯನ್ನು ಬಲು ಹಗುರವಾಗಿ ಎಳೆದು ನೋಡಿ. ನುಣುಪಾದ ಲೋಹವೇ ಮರಳುಕಾಗದದಂತೆ ಒರಟಾಗಿ, ಜುಮ್ಮೆನ್ನುವಂತೆ ತಾಗಿ, ಪ್ಲಗ್ ಕಿತ್ತೊಡನೆ ಆ ಒರಟು ಮಾಯವಾದರೆ ಸಾಕೆಟ್‌ನ ಅರ್ಥ್ ಸರಿಯಿಲ್ಲ ಎಂದು ಸಂಶಯಪಡಬೇಕು. ಅಡಾಪ್ಟರ್‌ನೊಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಸೋರುವ ಅತ್ಯಲ್ಪ ವಿದ್ಯುತ್ತು ಅರ್ಥ್ ತಂತಿಯಲ್ಲಿ ಹೋಗಬೇಕಾದದ್ದು, ದಾರಿ ಇಲ್ಲದೆ ಲ್ಯಾಪ್‌ಟಾಪಿನ ಮೈಗೆ ಬಂದಿರುತ್ತದೆ. ಈ ಸೋರಿಕೆ ತಾನಾಗಿ ಪ್ರಾಣಾಪಾಯವಲ್ಲ, ಆದರೆ ಅರ್ಥ್ ಇಲ್ಲದ ಸಾಕೆಟ್ ಅಪಾಯವೇ: ಅದೇ ಸಾಕೆಟ್‌ಗೆ ನಾಳೆ ಇಸ್ತ್ರಿಪೆಟ್ಟಿಗೆಯನ್ನೋ ಗೀಸರನ್ನೋ ಸಿಕ್ಕಿಸಿದಾಗ ಒಳಗೆ ದೋಷವಿದ್ದರೆ ಕಾಪಾಡುವವರಿಲ್ಲ. ಎಲೆಕ್ಟ್ರಿಷಿಯನ್‌ನಿಂದ ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇದೆಯೇ ಎಂದು ಮೀಟರ್ ಹಿಡಿಸಿ ನೋಡಿಸಿ. ಮೂರು ಪಿನ್ನನ್ನು ಎರಡು ಪಿನ್ ಮಾಡುವ ಕನ್ವರ್ಟರ್, ಸಡಿಲ ಮಲ್ಟಿಪ್ಲಗ್ ಇವನ್ನು ಈ ಅಡಾಪ್ಟರ್‌ಗೆ ಖಂಡಿತ ಬಳಸಬಾರದು.

ಕರೆಂಟ್ ಹೋಗುವ ಊರುಗಳಲ್ಲಿ ಲ್ಯಾಪ್‌ಟಾಪಿಗೆಂದೇ ಯುಪಿಎಸ್ ಕೊಳ್ಳುವ ಅಗತ್ಯವಿಲ್ಲ, ಅದರ ಬ್ಯಾಟರಿಯೇ ಆ ಕೆಲಸ ಮಾಡುತ್ತದೆ. ಆ ದುಡ್ಡನ್ನು ರೂಟರ್‌ಗೆ ಬ್ಯಾಕಪ್ ಇಡಲು ಬಳಸಿ. ಮನೆಯ ಇನ್ವರ್ಟರ್ ಮೇಲೆ ಇರುವಾಗ ಅಡಾಪ್ಟರ್ ಗುಂಯ್‌ಗುಟ್ಟಿದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ಅಂಥ ಹೊತ್ತಿನಲ್ಲಿ ಅಡಾಪ್ಟರ್ ಕಿತ್ತು ಬ್ಯಾಟರಿಯಲ್ಲಿ ನಡೆಸುವುದು ಲೇಸು.

## ಹಂತ 5: ಮುಚ್ಚಿ ಬ್ಯಾಗಿಗೆ ಹಾಕುವ ಮುನ್ನ

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸ್ಲೀಪ್ ಎನ್ನುವುದು ಮೊದಲಿನ ನಿದ್ದೆಯಲ್ಲ. ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ವ್ಯವಸ್ಥೆಯಲ್ಲಿ ಯಂತ್ರ ಮುಚ್ಚಿದ ಮೇಲೂ ಆಗಾಗ ಎದ್ದು ಮೇಲ್ ನೋಡುತ್ತದೆ, ಅಪ್‌ಡೇಟ್ ಇಳಿಸುತ್ತದೆ. ಮೇಜಿನ ಮೇಲೆ ಇದರಿಂದ ತೊಂದರೆಯಿಲ್ಲ. ಗಾಳಿಯಾಡದ ಬ್ಯಾಗಿನಲ್ಲಿ ಮಾತ್ರ ಹೀಗೆ ಎದ್ದ ಯಂತ್ರದ ಶಾಖ ಹೊರಹೋಗಲು ದಾರಿಯಿಲ್ಲದೆ ಬ್ಯಾಟರಿ, ಪರದೆ ಎರಡಕ್ಕೂ ಪೆಟ್ಟು ಬೀಳುತ್ತದೆ.

ಇದಕ್ಕೆ ಹೈಬರ್ನೇಟ್ ಸರಿಯಾದ ಪರಿಹಾರ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂಬ ಪುಟ ತೆರೆದು, ಬ್ಯಾಟರಿಯ ಮೇಲೆ ಇದ್ದಾಗ ಹೈಬರ್ನೇಟ್ ಎಂದು ಆರಿಸಿ. ಪಟ್ಟಿಯಲ್ಲಿ ಅದು ಕಾಣದಿದ್ದರೆ ಅದೇ ಪುಟದ ಮೇಲ್ಭಾಗದಲ್ಲಿ ಸದ್ಯ ಲಭ್ಯವಿಲ್ಲದ ಸೆಟ್ಟಿಂಗ್‌ಗಳನ್ನು ಬದಲಿಸುವ ಕೊಂಡಿಯನ್ನು ಒತ್ತಿ, ಕೆಳಗೆ ಹೈಬರ್ನೇಟ್‌ಗೆ ಗುರುತು ಹಾಕಿ ಉಳಿಸಿ. ತೆರೆದಿದ್ದ ಕೆಲಸವೆಲ್ಲ ಎಸ್‌ಎಸ್‌ಡಿಗೆ ಇಳಿದು ಯಂತ್ರ ಪೂರ್ತಿ ಆರುತ್ತದೆ, ಮತ್ತೆ ತೆರೆಯಲು ಕೆಲವೇ ಸೆಕೆಂಡುಗಳು ಹೆಚ್ಚು ಹಿಡಿಯುತ್ತವೆ.

ಹೊರಡುವಾಗ ಮೊದಲು ಅಡಾಪ್ಟರ್ ಕೀಳಿ, ಆಮೇಲೆ ಮುಚ್ಚಿ. ಮುಚ್ಚುವ ಗಳಿಗೆಯಲ್ಲಿ ಯಂತ್ರ ಬ್ಯಾಟರಿಯ ಮೇಲಿದ್ದರೆ ತಾನೇ ಬ್ಯಾಟರಿಗೆಂದು ನೀವು ಇಟ್ಟ ನಿಯಮ ಜಾರಿಯಾಗುವುದು. ಪವರ್ ದೀಪ ಪೂರ್ತಿ ಆರಿದ್ದನ್ನು ಕಣ್ಣಾರೆ ನೋಡಿಯೇ ಬ್ಯಾಗಿಗೆ ಹಾಕಿ. ಮಿನುಗುತ್ತಿದ್ದರೆ ಅದು ಸ್ಲೀಪ್‌ನಲ್ಲಿದೆ. ವಿಮಾನದಲ್ಲಿ ಹೋಗುವವರು ಬ್ಯಾಟರಿ 100 ವ್ಯಾಟ್-ಅವರ್ ಒಳಗಿದೆಯೇ ನೋಡಿಕೊಳ್ಳಿ. ದೊಡ್ಡ ಬ್ಯಾಟರಿಯ ಅನೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳು 99.9ರಲ್ಲಿ ಬಂದು ನಿಲ್ಲುವುದು ಇದೇ ಕಾರಣಕ್ಕೆ. ಪವರ್‌ಬ್ಯಾಂಕ್ ಇದ್ದರೆ ಅದನ್ನು ಕೈಚೀಲದಲ್ಲೇ ಒಯ್ಯಬೇಕು.

## ಹಂತ 6: ಮಾನಿಟರ್ ಮತ್ತು ಪ್ರೊಜೆಕ್ಟರ್

ಅನೇಕ ಯಂತ್ರಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರವಾಗಿ ಗ್ರಾಫಿಕ್ಸ್ ಕಾರ್ಡಿಗೇ ಜೋಡಿಸಿರುತ್ತದೆ. ಹಾಗಾಗಿ ಎಕೋದಂಥ ಮೋಡ್‌ನಲ್ಲಿ ಕಾರ್ಡ್ ಕಡಿತಗೊಂಡಿರುವಾಗ ಎಚ್‌ಡಿಎಂಐ ಸತ್ತಂತೆಯೇ. ಸೆಮಿನಾರ್ ಹಾಲ್‌ನಲ್ಲಿ ಬ್ಯಾಟರಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೇಬಲ್ ಸಿಕ್ಕಿಸಿ, ನೋ ಸಿಗ್ನಲ್ ಎಂದು ನೀಲಿ ಪರದೆ ನೋಡುತ್ತಾ ಕೇಬಲ್ ಬದಲಿಸುವವರ ಸಮಸ್ಯೆ ಬಹುಪಾಲು ಇಷ್ಟೇ. ವೇದಿಕೆ ಹತ್ತುವ ಮೊದಲೇ ಸ್ಟ್ಯಾಂಡರ್ಡ್ ಅಥವಾ ಹೈಬ್ರಿಡ್ ಮೋಡ್‌ಗೆ ಬದಲಿಸಿ, ಒಮ್ಮೆ ಸಿಕ್ಕಿಸಿ ನೋಡಿ.

ಯಾವ ಪೋರ್ಟ್ ಯಾವುದಕ್ಕೆ ಸೇರಿದೆ ಎಂದು ತಿಳಿಯಲು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸರೌಂಡ್, ಫಿಸ್‌ಎಕ್ಸ್ ಪುಟವನ್ನು ಮಾನಿಟರ್ ಸಿಕ್ಕಿಸಿಕೊಂಡು ತೆರೆಯಿರಿ, ಅಲ್ಲಿ ಜೋಡಣೆಯ ಚಿತ್ರವೇ ಇರುತ್ತದೆ. ಟೈಪ್-ಸಿ ಪೋರ್ಟ್ ಪ್ರೊಸೆಸರ್‌ನ ಗ್ರಾಫಿಕ್ಸ್‌ಗೆ ಸೇರಿದ್ದರೆ ಕಚೇರಿಯ ಮಾನಿಟರ್‌ಗೆ ಅದನ್ನೇ ಬಳಸಿ. ಫ್ಯಾನ್ ಸದ್ದು ಎದ್ದು ಕಾಣುವಷ್ಟು ಇಳಿಯುತ್ತದೆ.

## ಹಂತ 7: ಗಾಳಿ, ಬಿಸಿಲು, ದೂಳು

ಗಾಳಿ ಒಳಗೆಳೆಯುವ ಕಿಂಡಿಗಳು ಬಹುತೇಕ ಕೆಳಭಾಗದಲ್ಲೇ ಇರುತ್ತವೆ. ಹಾಸಿಗೆ, ದಿಂಬು, ಮಡಿಲ ಮೇಲಿನ ಹೊದಿಕೆ ಇವು ಆ ಕಿಂಡಿಗಳನ್ನು ಮುಚ್ಚುತ್ತವೆ. ಹಿಂಬದಿಯನ್ನು ಒಂದೆರಡು ಸೆಂಟಿಮೀಟರ್ ಎತ್ತರಿಸುವ ಸಾದಾ ಸ್ಟ್ಯಾಂಡ್ ಸಾಕು.

ಹೆಚ್ಚಿನ ತಯಾರಕರು ಸುತ್ತಲಿನ ಉಷ್ಣತೆ 35 ಡಿಗ್ರಿಯವರೆಗೆ ಎಂದು ಮಿತಿ ಹೇಳಿರುತ್ತಾರೆ. ಕಲಬುರಗಿ, ರಾಯಚೂರಿನ ಬೇಸಿಗೆ 40 ದಾಟುವುದರಿಂದ ಮಧ್ಯಾಹ್ನದ ಹೊತ್ತು ಆಟ, ವಿಡಿಯೋ ಎಡಿಟಿಂಗ್‌ನಂಥ ಭಾರದ ಕೆಲಸವನ್ನು ಮುಂದಕ್ಕೆ ಹಾಕುವುದೇ ವಿವೇಕ. ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಹೋಗುವುದಂತೂ ಯಾವ ಊರಿನಲ್ಲೂ ಸಲ್ಲದು. ಕರಾವಳಿಯಲ್ಲಿ ಶತ್ರು ತೇವ; ಮಳೆಗಾಲದಲ್ಲಿ ವಾರಗಟ್ಟಲೆ ಬ್ಯಾಗಿನಲ್ಲೇ ಇಡದೆ ಆಗಾಗ ಹೊತ್ತಿಸುತ್ತಿರಬೇಕು.

ದೂಳು ತೆಗೆಯಲು ಯಂತ್ರವನ್ನು ಪೂರ್ತಿ ಆರಿಸಿ, ಕಿಂಡಿಗಳ ಮೇಲೆ ಬ್ರಷ್ ಆಡಿಸಿ, ಬ್ಲೋವರ್‌ನಿಂದ ಗಾಳಿ ಹಾಯಿಸಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ, ಅದರ ತುದಿಯಲ್ಲಿ ಸ್ಥಿರವಿದ್ಯುತ್ ಹುಟ್ಟುತ್ತದೆ. ಕೆಳಗಿನ ಮುಚ್ಚಳ ಬಿಚ್ಚುವ ಅಭ್ಯಾಸವಿದ್ದವರು ಸ್ಕ್ರೂಗಳ ಉದ್ದ ಬೇರೆ ಬೇರೆ ಇರುವುದನ್ನು ಗಮನಿಸಿ, ಬಿಚ್ಚಿದ ಜಾಗದ ಕ್ರಮದಲ್ಲೇ ಇಟ್ಟುಕೊಳ್ಳಬೇಕು. ಗಾಳಿ ಹಾಯಿಸುವಾಗ ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದಿರಬೇಕು. ಹೀಟ್‌ಸಿಂಕ್ (ಚಿಪ್‌ಗಳ ಮೇಲೆ ಕೂರಿಸಿದ, ಶಾಖ ಹೊರಗೊಯ್ಯುವ ಲೋಹದ ಭಾಗ) ಮಾತ್ರ ತೆಗೆಯಬೇಡಿ. ಹಲವು ತೆಳು ಯಂತ್ರಗಳಲ್ಲಿ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ ಹಾಕಿರುತ್ತಾರೆ, ಅದರ ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ.

## ಹಂತ 8: ಆಟಕ್ಕೆ ಕೂರುವಾಗ, ಏಳುವಾಗ

ಮೂಲ ಅಡಾಪ್ಟರ್ ಸಿಕ್ಕಿಸಿ, ಬ್ಯಾಲೆನ್ಸ್ಡ್ ಅಥವಾ ಪರ್ಫಾರ್ಮೆನ್ಸ್ ಮೋಡ್ ಹಾಕಿ, ಆಟದ ಫ್ರೇಮ್ ರೇಟ್‌ಗೆ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಗೆ) ಮಿತಿ ಇಡಿ. 165 ಹರ್ಟ್ಜ್‌ನ ಪರದೆ ಇದ್ದರೂ ಕಥಾಪ್ರಧಾನ ಆಟಗಳನ್ನು 60 ಅಥವಾ 90ಕ್ಕೆ ಮಿತಗೊಳಿಸಿದರೆ ತಾಪ, ಸದ್ದು ಎರಡೂ ತಗ್ಗುತ್ತವೆ. ಆಟ ಮುಗಿದೊಡನೆ ಮುಚ್ಚಳ ಮುಚ್ಚದೆ ಎರಡು ಮೂರು ನಿಮಿಷ ಫ್ಯಾನ್ ಓಡಲು ಬಿಟ್ಟು, ಗ್ರಾಫಿಕ್ಸ್ ಮೋಡನ್ನು ಹಿಂದಿನಂತೆ ಮಾಡಿ, ಆಟದ ಅಂಗಡಿಯನ್ನು ಗಡಿಯಾರದ ಪಕ್ಕದ ಚಿಹ್ನೆಯಿಂದಲೇ ಪೂರ್ತಿ ಮುಚ್ಚಿ.

## ತಡಮಾಡದೆ ಗಮನಿಸಬೇಕಾದ ಸೂಚನೆಗಳು

ಆಟದ ನಡುವೆ ಪ್ರೊಸೆಸರ್ 95 ಡಿಗ್ರಿ ಮುಟ್ಟುವುದು ಈ ವರ್ಗದ ಯಂತ್ರಗಳಲ್ಲಿ ಅಪರೂಪವಲ್ಲ. ಆದರೆ ಬರೀ ಬ್ರೌಸರ್ ತೆರೆದಾಗಲೇ 90 ದಾಟುತ್ತಿದ್ದರೆ, ಮೊದಲಿಲ್ಲದ ಕಿರಕಿರ ಸದ್ದು ಫ್ಯಾನ್‌ನಿಂದ ಬರುತ್ತಿದ್ದರೆ, ಎರಡು ಕಿಂಡಿಗಳಲ್ಲಿ ಒಂದರಿಂದ ಬಿಸಿಗಾಳಿ ಬರುವುದೇ ನಿಂತಿದ್ದರೆ ಸರ್ವಿಸ್‌ಗೆ ಒಯ್ಯಬೇಕು. ಅಡಾಪ್ಟರ್‌ನ ಪಿನ್ ಅಥವಾ ಟೈಪ್-ಸಿ ತುದಿ ಕಂದುಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಆ ಚಾರ್ಜರ್ ಬಳಕೆಯನ್ನು ಅಲ್ಲಿಗೇ ನಿಲ್ಲಿಸಿ.

ಎಲ್ಲಕ್ಕಿಂತ ಗಂಭೀರವಾದದ್ದು ಬ್ಯಾಟರಿಯ ಉಬ್ಬು. ಟಚ್‌ಪ್ಯಾಡ್ ಒತ್ತಲು ಗಟ್ಟಿಯಾಗುವುದು ಅಥವಾ ಒಂದು ಅಂಚಿನಲ್ಲಿ ಮೇಲೇಳುವುದು, ಮುಚ್ಚಳ ಮುಂದಿನ ತುದಿಯಲ್ಲಿ ಕೂಡದಿರುವುದು, ಸಮತಟ್ಟಾದ ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಅಲುಗಾಡುವುದು ಇವು ಅದರ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ಚಾರ್ಜ್ ಮಾಡಬೇಡಿ, ಒತ್ತಿ ಸರಿಮಾಡಲು ನೋಡಬೇಡಿ, ಚುಚ್ಚಬೇಡಿ. ಯಂತ್ರವನ್ನು ಆರಿಸಿ, ಬಟ್ಟೆ, ಕಾಗದಗಳಿಂದ ದೂರ ಕಲ್ಲಿನ ನೆಲದ ಮೇಲಿಟ್ಟು ಸರ್ವಿಸ್ ಸೆಂಟರ್‌ಗೆ ತಿಳಿಸಿ. ತೆಗೆದ ಹಳೆಯ ಬ್ಯಾಟರಿಯನ್ನು ಮನೆಯ ಕಸಕ್ಕೆ ಹಾಕದೆ ಅವರಿಗೇ ಅಥವಾ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿ.